ರಕ್ತದ ರಿಪೋರ್ಟಿನಲ್ಲಿ ಕಾಣದ ಹಾರ್ಮೋನು

ಓದುಗರ ಪತ್ರ: ಎಂಡೊಮೆಟ್ರಿಯೋಸಿಸ್‌ಗೆ 'ಹಾರ್ಮೋನು ಏರುಪೇರು' ಕಾರಣ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನಗೆ ಆ ಕಾಯಿಲೆ ಇದೆ. ಆದರೆ ರಕ್ತ ಪರೀಕ್ಷೆಯಲ್ಲಿ ಹಾರ್ಮೋನುಗಳೆಲ್ಲ ಸರಿಯಾಗಿವೆ. ಪ್ರೊಜೆಸ್ಟರಾನ್ ಬಗೆಯ ಮಾತ್ರೆಯೂ ನಾಟಲಿಲ್ಲ. ಹಾಗಾದರೆ ಈ ನೋವು ನನ್ನ ಭ್ರಮೆಯೇ?

ಸಂಪಾದಕರ ಉತ್ತರ: ಖಂಡಿತ ಭ್ರಮೆ ಅಲ್ಲ. ತಪ್ಪು ನಮ್ಮ ಸಾಲಿನದು. ಏರುಪೇರು ಅಂದ ಮೇಲೆ ಅದು ಎಲ್ಲಿ ಅಂತಲೂ ಹೇಳಬೇಕಿತ್ತು.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಈ ಕಾಯಿಲೆಯಲ್ಲಿ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಪೊರೆಯ ಮೇಲೆ, ಹೀಗೆ. ಇದರಲ್ಲಿ ಅರೋಮಟೇಸ್ ಎಂಬ ಕಿಣ್ವ ಇರುತ್ತದೆ. ಆರೋಗ್ಯವಂತರ ಒಳಪದರದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಈ ಕಿಣ್ವದಿಂದಾಗಿ ಆ ಅಂಗಾಂಶ ತನಗೆ ಬೇಕಾದ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಾನೇ, ಇದ್ದಲ್ಲೇ ತಯಾರಿಸಿಕೊಳ್ಳುತ್ತದೆ. ಈಸ್ಟ್ರೋಜನ್ ಜಾಸ್ತಿಯಾದರೆ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಜಾಸ್ತಿಯಾಗುತ್ತದೆ. ನೋವು, ಉರಿಯೂತ ಎರಡಕ್ಕೂ ಅದರ ಕೈವಾಡ ಇದೆ. ಪ್ರೋಸ್ಟಗ್ಲಾಂಡಿನ್ ಮತ್ತೆ ಅರೋಮಟೇಸನ್ನು ಕೆರಳಿಸುತ್ತದೆ. ಒಂದರ ಬೆಂಕಿಗೆ ಇನ್ನೊಂದು ಗಾಳಿ ಹಾಕಿದ ಹಾಗೆ. ಇಷ್ಟು ಚಿಕ್ಕ ಜಾಗದಲ್ಲಿ ನಡೆಯುವುದು ತೋಳಿನಿಂದ ತೆಗೆದ ರಕ್ತದಲ್ಲಿ ಕಾಣಲೇಬೇಕು ಅಂತೇನಿಲ್ಲ, ಅಲ್ವಾ?

ಇನ್ನು ಮಾತ್ರೆ. ಈಸ್ಟ್ರೋಜನ್ನಿನ ಪ್ರಭಾವಕ್ಕೆ ಕಡಿವಾಣ ಹಾಕುವ ಹಾರ್ಮೋನು ಪ್ರೊಜೆಸ್ಟರಾನ್. ಅದು ಕೆಲಸ ಮಾಡಬೇಕಾದರೆ ಜೀವಕೋಶದೊಳಗೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನ್ ಇರಬೇಕು. ಈ ಅಂಗಾಂಶದಲ್ಲಿ ಆ ಪ್ರೋಟೀನ್ ತುಂಬಾ ಕಡಿಮೆ. ಮಾತ್ರೆ ಬಂದು ಬಾಗಿಲು ತಟ್ಟುತ್ತದೆ, ತೆಗೆಯುವವರು ಇಲ್ಲ. ಇದನ್ನು ಪ್ರೊಜೆಸ್ಟರಾನ್ ಪ್ರತಿರೋಧ ಅನ್ನುತ್ತಾರೆ. ಎಲ್ಲರಲ್ಲೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಆದ್ದರಿಂದಲೇ ಅದೇ ಮಾತ್ರೆಯಿಂದ ಎಷ್ಟೋ ಜನರಿಗೆ ಆರಾಮ ಸಿಗುತ್ತದೆ. ನೀವು ಮಾತ್ರೆ ತೆಗೆದುಕೊಂಡ ರೀತಿ ಸರಿಯಿಲ್ಲ ಅಂತ ಯಾರಾದರೂ ಸುಮ್ನೆ ದೂರಿದ್ದರೆ, ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೋವಿನ ಬಗ್ಗೆ ಇನ್ನೊಂದು ಮಾತು. 2023ರಲ್ಲಿ ಈ ಕಾಯಿಲೆಯಿರುವ 60,000ಕ್ಕೂ ಹೆಚ್ಚು ಮಹಿಳೆಯರ ಡಿಎನ್‌ಎಯನ್ನು ಕಾಯಿಲೆ ಇಲ್ಲದವರದರ ಜೊತೆ ಹೋಲಿಸಿ ನೋಡಿದ ದೊಡ್ಡ ಅಧ್ಯಯನ ಪ್ರಕಟವಾಯಿತು. ಕಾಯಿಲೆಗೆ ಸಂಬಂಧಪಟ್ಟ 42 ಜಾಗಗಳು ಡಿಎನ್‌ಎಯಲ್ಲಿ ಸಿಕ್ಕವು. ಮೈಗ್ರೇನ್, ಬೆನ್ನುನೋವಿನಂಥ ತೊಂದರೆಗಳ ಜೊತೆಗೂ ಇದಕ್ಕೆ ಆನುವಂಶಿಕ ನಂಟು ಕಂಡಿತು. ಜೊತೆಗೆ, ಆ ಹೊರಗಿನ ಅಂಗಾಂಶದೊಳಗೇ ಹೊಸ ನರದ ಎಳೆಗಳು ಬೆಳೆಯುವುದೂ ಗೊತ್ತಿದೆ. ನೋವು ಹೊತ್ತೊಯ್ಯುವ ನರವೇ ಅಲ್ಲಿದೆ.

ಒಂದು ಮಾತ್ರೆ ನಾಟಲಿಲ್ಲ ಅಂದರೆ ದಾರಿ ಮುಚ್ಚಿತು ಅಂತಲ್ಲ. ಅಂಡಾಶಯದ ಈಸ್ಟ್ರೋಜನ್ ತಗ್ಗಿಸುವ ಔಷಧಗಳಿವೆ. ಕೆಲವರಿಗೆ ಅರೋಮಟೇಸನ್ನೇ ತಡೆಯುವ ಮಾತ್ರೆಯನ್ನು ಬೇರೆ ಔಷಧದ ಜೊತೆ ಕೊಡುವುದೂ ಉಂಟು. ನಿಮಗೆ ಯಾವುದು ಹೊಂದುತ್ತದೆ ಅಂತ ಡಾಕ್ಟರನ್ನು ಕೇಳಿ. ಮುಂದಿನ ಸಂಚಿಕೆಯಲ್ಲಿ ನಮ್ಮ ಆ ಸಾಲನ್ನು ತಿದ್ದಿ ಪ್ರಕಟಿಸುತ್ತೇವೆ.