ಕೋಕೋ ಬೀಜವೇ ಚಿಲ್ಲರೆ ಕಾಸು

ಪ್ರಶ್ನೆ: ಮೆಕ್ಸಿಕೋದ ಹಿಂದಿನ ಅಜ್ಟೆಕ್ ಜನ ಕೋಕೋ ಬೀಜವನ್ನೇ ದುಡ್ಡಿನಂತೆ ಬಳಸುತ್ತಿದ್ದರಂತೆ, ನಿಜವಾ? ಹಾಗಾದ್ರೆ ಒಂದು ತೋಟ ಮಾಡಿದ್ರೆ ಸಾಕಿತ್ತಲ್ವಾ? (ಓದುಗರೊಬ್ಬರು, ಪುತ್ತೂರು)

ಉತ್ತರ: ನಿಜ. ಆದರೆ ತೋಟ ಮಾಡೋದೆಲ್ಲಿ? ಅವರ ರಾಜಧಾನಿ ಟೆನೊಚ್ಟಿಟ್ಲಾನ್, ಅಂದ್ರೆ ಈಗಿನ ಮೆಕ್ಸಿಕೋ ಸಿಟಿಯ ಜಾಗ, ಇರುವುದು 2,200 ಮೀಟರಿಗೂ ಎತ್ತರದಲ್ಲಿ. ಆ ಚಳಿಗೆ ಕೋಕೋ ಬರುವುದಿಲ್ಲ. ದೂರದ ಸೊಕೊನುಸ್ಕೊದಂಥ ಬಿಸಿ ಸೀಮೆಗಳಿಂದ ಕಪ್ಪವಾಗಿ ಬರಬೇಕಿತ್ತು, ಇಲ್ಲವೇ ವ್ಯಾಪಾರಿಗಳು ತರಿಸಬೇಕಿತ್ತು, ಅದೂ ಆಳುಗಳ ಬೆನ್ನ ಮೇಲೆ, ಯಾಕಂದ್ರೆ ಅಲ್ಲಿ ಎತ್ತೂ ಇರಲಿಲ್ಲ, ಕುದುರೆಯೂ ಇರಲಿಲ್ಲ.

ಬೀಜ ಸಣ್ಣಪುಟ್ಟ ಖರೀದಿಗೆ. ದೊಡ್ಡ ವ್ಯವಹಾರಕ್ಕೆ ಹತ್ತಿ ಬಟ್ಟೆ. ಸ್ಪೇನಿನವರು ಬಂದ ಮೇಲೂ ಇದು ನಿಲ್ಲಲಿಲ್ಲ: ಮೆಕ್ಸಿಕೋದ ಟ್ಲಾಷ್ಕಾಲಾ ಎಂಬ ಊರಿನ 1545ರ ಬೆಲೆಪಟ್ಟಿಯಲ್ಲಿ ದೊಡ್ಡ ಟೊಮೆಟೊಗೆ 1 ಬೀಜ, ಒಳ್ಳೆ ಹೆಣ್ಣು ಟರ್ಕಿ ಕೋಳಿಗೆ 100.

ಖೋಟಾ ನೋಟು ಮಾಡುವವರು ಆಗಲೂ ಇದ್ದರು ನೋಡಿ! ಬೀಜದ ತಿರುಳು ತೆಗೆದು, ಒಳಗೆ ಮಣ್ಣೋ ಹಿಟ್ಟೋ ತುಂಬಿ, ಸಿಪ್ಪೆ ಮುಚ್ಚಿ, ಒಳ್ಳೆಯದರ ಜೊತೆ ಸುಮ್ನೆ ಬೆರೆಸಿಬಿಡುವುದು. ರಾಜಧಾನಿಯ ಪಕ್ಕದ ಟ್ಲಾಟೆಲೊಲ್ಕೊದ ದೊಡ್ಡ ಸಂತೆಯಲ್ಲಿ ಮೋಸ, ತಕರಾರು ವಿಚಾರಿಸಲು ನ್ಯಾಯಾಧೀಶರು ಕೂತಿರುತ್ತಿದ್ದರು.

ಚಾಕೊಲೇಟ್ ಕುಡಿಯೋದು ಅಂದ್ರೆ ಕಾಸನ್ನೇ ಅರೆದು ಕುಡಿದ ಹಾಗೆ. ಹಾಗಾಗಿ ಅದು ಹೆಚ್ಚಾಗಿ ಸಿರಿವಂತರ ಪಾನೀಯ, ಸಕ್ಕರೆ ಇಲ್ಲದೆ, ಕೆಲವೊಮ್ಮೆ ಮೆಣಸಿನಕಾಯಿ ಹಾಕಿ.