ಬಾವಿ ನೀರಲ್ಲಿ ನೈಟ್ರೈಟ್ ಲೀಟರಿಗೆ 4 ಮಿಲಿಗ್ರಾಂ ಬಂದಿದೆ, ಕುದಿಸಿ ಮಗುವಿಗೆ ಕೊಡಬಹುದಾ?

ಬಾವಿಗೆ ಶೌಚದ ಗುಂಡಿಯ ನೀರೋ ಗೊಬ್ಬರದ ನೀರೋ ಜಿನುಗುತ್ತಿರಬೇಕು. ಯಾವುದೆಂದು ಈ ಒಂದೇ ಅಂಕಿಯಿಂದ ಗೊತ್ತಾಗುವುದಿಲ್ಲ. ಕುದಿಸಬೇಡಿ. ಕುದಿಸಿದರೆ ನೈಟ್ರೈಟ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಮಗುವಿನ ಹಾಲಿನ ಪುಡಿ ಕಲಸಲು ಇವತ್ತಿನಿಂದಲೇ ಬೇರೆ ಸುರಕ್ಷಿತ ನೀರು ಬಳಸಿ. ನೈಟ್ರೈಟ್ ಇದ್ದರೆ ರಕ್ತ ಆಮ್ಲಜನಕವನ್ನು ಸರಿಯಾಗಿ ಸಾಗಿಸುವುದಿಲ್ಲ. ಆರು ತಿಂಗಳೊಳಗಿನ ಕೂಸುಗಳಿಗೆ ಇದು ತುಂಬಾ ಅಪಾಯ. ತುಟಿ, ಉಗುರು ನೀಲಿಯಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 3 ಮಿಲಿಗ್ರಾಂ. ನೈಟ್ರೈಟ್‌ನಲ್ಲಿರುವ ನೈಟ್ರೋಜನ್ ಭಾಗವನ್ನಷ್ಟೇ ಲೆಕ್ಕ ಹಾಕಿದರೆ 0.9. ನಿಮ್ಮ 4 ಯಾವ ಲೆಕ್ಕದ್ದು ಅಂತ ಲ್ಯಾಬ್‌ನಲ್ಲಿ ಕೇಳಿ. ಹೇಗಿದ್ದರೂ ಮಿತಿ ದಾಟಿದೆ ಅಲ್ವಾ. ಆಮೇಲೆ ನೈಟ್ರೇಟ್ (ನೈಟ್ರೈಟ್‌ಗೆ ಹತ್ತಿರದ ಇನ್ನೊಂದು ನೈಟ್ರೋಜನ್ ಸಂಯುಕ್ತ), ಕೋಲಿಫಾರ್ಮ್ (ನೀರಿಗೆ ಕೊಳಕು ಸೇರಿದೆಯೇ ಎಂದು ತೋರಿಸುವ ಬ್ಯಾಕ್ಟೀರಿಯಾ) ಎರಡನ್ನೂ ಸೇರಿಸಿ ಮತ್ತೆ ಪರೀಕ್ಷೆ ಮಾಡಿಸಿ. ಆರ್‌ಒ ಫಿಲ್ಟರ್ ಹಾಕಿಸಿದರೆ ಅದರಿಂದ ಬಂದ ನೀರನ್ನೂ ಪರೀಕ್ಷಿಸಿಯೇ ಕುಡಿಯಿರಿ.