ಲೈವ್ ರಾಕ್ ಜೊತೆ ಬಂದ ಹುಳ, ಹೂವು ಎಲ್ಲಾ ಸಾಯಿಸಲು ಕಲ್ಲು ಕುದಿಸಬಹುದೇ?

ಕುದಿಸಬ್ಯಾಡ್ರಿ. ಒಲಿ ಮ್ಯಾಲ ಪಾತ್ರಿ ಇಟ್ಟಿದ್ರ ಮೊದಲ ಕೆಳಗ ಇಳಸ್ರಿ. ಲೈವ್ ರಾಕ್ ಅಂದ್ರ ಉಪ್ಪು ನೀರಿನ ಮೀನಿನ ಟ್ಯಾಂಕಿಗೆ ಹಾಕೋ, ಬ್ಯಾಕ್ಟೀರಿಯಾ, ಹುಳ-ಹುಪ್ಪಡಿ ಜೀವಂತ ಇರೋ ಕಡಲಿನ ಕಲ್ಲು.

60 ಲೀಟರಿನ ಟ್ಯಾಂಕು, ಹೊಸ ಕಲ್ಲಿನ ಮ್ಯಾಲ ಕಂದು ಹೂವಿನಂಥದ್ದೊಂದು, ದೀಪ ಆರಿದ ಮ್ಯಾಲ ಹರಿದಾಡೋ ಕೂದಲಿನ ಹುಳ, ನಡುರಾತ್ರಿ ಟಕ್ ಟಕ್ ಸಪ್ಪಳ. ನೀವು ಬೀದರದಾಗ ಕುಂತು ಬರದೀರಿ, ಆದ್ರ ಇದು ಕಲಬುರಗಿಯಾಗಿನ ನನ್ನ ಮೊದಲ ಟ್ಯಾಂಕಿನ ವರ್ಣನಿ. ನಾನು ಕುದಿಸಲಿಲ್ಲ, ಬ್ಲೇಡ್ ತಗೊಂಡು ಆ ಹೂವು ಕೆರದು ತೆಗದೆ. ಎರಡು ತಿಂಗಳಿಗೆ ಒಂದಿದ್ದದ್ದು ಎಣಸಲಿಕ್ಕ ಆಗದಷ್ಟಾಯ್ತು. ಕಡೀಕ 11 ಕಿಲೋ ಕಲ್ಲು ಮೇ ತಿಂಗಳ ಬಿಸಿಲಿಗೆ ಮಾಳಿಗಿ ಮ್ಯಾಲ ಒಣ ಹಾಕಿ, ಸೊನ್ನಿಯಿಂದ ಸುರು ಮಾಡಬೇಕಾಯ್ತು.

ಆ ಹೂವಿನ ಹೆಸರು ಐಪ್ಟೇಸಿಯಾ, ಒಂದು ಜಾತಿ ಅನಿಮೋನ್, ಅಂದ್ರ ಹೂವಿನಂಗ ಕಾಣೋ, ಕಲ್ಲಿಗೆ ಅಂಟಿ ಬದುಕೋ ಕಡಲಿನ ಪ್ರಾಣಿ. ಉದ್ದ ದೇಟು, ಅರ್ಧ ಆರಪಾರ ಕಾಣೋ ಕಂದು ಮೈ, ತುದಿ ಚೂಪಾದ ತೆಳ್ಳನ ಎಳಿಗಳು. ಬೆರಳಿನ ನೆರಳು ಬಿದ್ರ ಸಾಕು, ಸರಕ್ಕನ ತೂತಿನೊಳಗ ಹೋಗ್ತದ. ಗಿಡ್ಡಗಿದ್ದು, ಹಸರು ಛಾಯಾ ಇದ್ದು, ಎಳಿಗಳ ತುದಿ ಗುಂಡಗ ಉಬ್ಬಿದ್ರ ಅದು ಮಜಾನೊ ಅನ್ನೋ ಇನ್ನೊಂದು ಅನಿಮೋನ್. ಅದಕ್ಕೂ ಮುಂದ ಹೇಳೋ ಔಷಧನೇ.

ಈಗ ಬ್ಲೇಡ್ ಯಾಕ ಕೆಲಸ ಮಾಡಲಿಲ್ಲ ಅನ್ನೋದು ಕೇಳ್ರಿ. ಐಪ್ಟೇಸಿಯಾಗ ಮಿದುಳಿಲ್ಲ, ಹೃದಯ ಇಲ್ಲ, ಇಲ್ಲಿ ಕೊಯ್ದ್ರ ಸಾಯ್ತದ ಅನ್ನೋ ಜಾಗನೇ ಇಲ್ಲ. ಕೆಳಗಿನ ಪಾದದ ಅಂಚಿನ ಒಂದು ಚೂರು ಕಲ್ಲಿಗೆ ಅಂಟಿ ಉಳದ್ರ ಅದೇ ಮತ್ತೊಂದು ಪೂರಾ ಅನಿಮೋನ್ ಆಗ್ತದ. ಯಾರೂ ಮುಟ್ಟದಿದ್ರೂ, ಜಾಗ ಬದಲಿಸೋವಾಗ ಹಿಂದ ಪಾದದ ಚೂರು ಬಿಟ್ಟು ಹೋಗೋದೂ ಅದರ ಸಂತಾನದ ಒಂದು ದಾರಿ. ಅಂದ್ರ ನಾನು ಮಾಡಿದ್ದು ಸೂಲಗಿತ್ತಿ ಕೆಲಸ. ಬ್ಲೇಡ್ ತಾಗಿದ ಕೂಡಲೇ ಅದು ಒಳಗ ಕುಗ್ತು, ಮ್ಯಾಲಿನ ಅರ್ಧ ಹರೀತು, ಪಾದ ತೂತಿನೊಳಗೇ ಉಳೀತು. ಅದರ ಮ್ಯಾಲ ಪಂಪ್ ಬಂದ್ ಮಾಡಿರಲಿಲ್ಲ. ಹರದ ಚೂರು ನೀರಿನ ಹರಿವಿಗೆ ಸಿಕ್ಕು ಫಿಲ್ಟರ್ ಡಬ್ಬಿ, ಪೈಪಿನ ಬಾಗು, ಹಿಂದಿನ ಗಾಜಿನ ಮೂಲಿ ಅಂತ ಎಲ್ಲಾ ಕಡಿ ಹೋಗಿ ಅಂಟಿದ್ವು. ಕಲ್ಲು ಹೊರಗ ತೆಗೀದೇ ಟ್ಯಾಂಕಿನ್ಯಾಗೇ ಕೆರದದ್ದು ಮೂರನೇ ತಪ್ಪು. ಬಕೆಟ್ಟಿನ್ಯಾಗ ಕೆರದಿದ್ರ ಆ ಒಂದು ಕಲ್ಲಷ್ಟೇ ಹಾಳಾಗ್ತಿತ್ತು. ಹಲ್ಲು ತಿಕ್ಕೋ ಬ್ರಶ್ಶು, ಚಿಮಟಿಗಿ, ಉಗುರು, ಎಲ್ಲಾದಕ್ಕೂ ಇದೇ ಕಥಿ.

ಸುಣ್ಣದಿಂದ ಸಾಯಸ್ರಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ ಒಂದು ಚಮಚ ತಗೊಂಡು ಆರ್‌ಓ ನೀರು ಹನಿ ಹನಿ ಹಾಕಿ ದ್ವಾಸಿ ಹಿಟ್ಟಿನ ಹದಕ್ಕ ಕಲಸ್ರಿ. ಎಲಿ-ಅಡಕಿ ಡಬ್ಬಿಯಾಗಿನ ಸುಣ್ಣವೂ ಮೂಲತಃ ಇದೇ, ಆದ್ರ ಅದರಾಗ ಮತ್ತೇನು ಕಲಸ್ಯಾರ ಗೊತ್ತಾಗಂಗಿಲ್ಲ. ಶುದ್ಧ ಪುಡಿನೇ ತಗೋರಿ. ಔಷಧ ಅಂಗಡಿಯ 3 ಎಂಎಲ್ ಸಿರಿಂಜು, 18 ಗೇಜ್ ಸೂಜಿ. ಅದಕ್ಕಿಂತ ಸಣ್ಣ ಸೂಜಿ ಕಟ್ಟಿಕೊಂಡುಬಿಡ್ತದ. ಕಣ್ಣಿಗೆ ಕನ್ನಡಕ ಹಾಕ್ಕೋರಿ, ಸುಣ್ಣ ಕಣ್ಣಿಗೆ ಸಿಡದ್ರ ಹುಡುಗಾಟ ಅಲ್ಲ. ಪಂಪ್ ಎಲ್ಲಾ ಬಂದ್ ಮಾಡಿ, ನೆರಳು ಬೀಳದಂಗ ಬದಿಯಿಂದ ಸೂಜಿ ತಂದು, ಎಳಿಗಳ ನಡುವಿನ ಬಾಯಿ ಮ್ಯಾಲ ಒಂದು ಹನಿ ಬಿಡ್ರಿ. ಕುಗ್ಗಿದ ಕೂಡಲೇ ತೂತಿನ ತುಂಬ ಪೇಸ್ಟ್ ತುಂಬಿ ಮುಚ್ರಿ. ಅರ್ಧ ತಾಸು ಪಂಪ್ ಹಚ್ಚಬ್ಯಾಡ್ರಿ. 60 ಲೀಟರಿಗೆ ದಿನಕ್ಕ ಎರಡು-ಮೂರು ಸಾಕು, ಯಾಕಂದ್ರ ಸುಣ್ಣದ ನೀರಿನ ಪಿಎಚ್ 12 ದಾಟಿರ್ತದ, ಸಣ್ಣ ಟ್ಯಾಂಕು ಒಮ್ಮಿಗೇ ಏರಿದ್ರ ಮೀನು ತಡಕೊಳ್ಳಂಗಿಲ್ಲ. ನಿಂಬಿ ರಸವೂ ನಡೀತದ, ಮೈಯೊಳಗ ಚುಚ್ಚಿದ್ರ ಮಾತ್ರ. ಮ್ಯಾಲ ಸುರದ್ರ ರಸ ದಂಡ.

ಪೆಪರ್‌ಮಿಂಟ್ ಸೀಗಡಿ ಬಿಡ್ರಿ ಅಂತ ಅಂಗಡಿಯವರು ಹೇಳ್ತಾರ. ಸಣ್ಣ ಐಪ್ಟೇಸಿಯಾ ತಿಂತದ, ಖರೇ. ಆದ್ರ ಅದೇ ಹೆಸರಿನ್ಯಾಗ ಕ್ಯಾಮೆಲ್ ಸೀಗಡಿ ಕೈಗೆ ಬರೋದು ಹೆಚ್ಚು. ಬೆನ್ನು ಡುಬ್ಬಗಿದ್ದು ಮೈ ಮ್ಯಾಲ ಬಿಳಿ ಗೀಟು-ಚುಕ್ಕಿ ಎದ್ದು ಕಂಡ್ರ ತಗೋಬ್ಯಾಡ್ರಿ, ಅದು ಹವಳದ ಪಾಲಿಪ್‌ಗೇ, ಅಂದ್ರ ಹವಳದ ಜೀವಂತ ಮೈಗೇ, ಬಾಯಿ ಹಾಕ್ತದ. ಪೆಪರ್‌ಮಿಂಟಿನ ಮೈ ಆರಪಾರ, ಗೀಟು ಕೆಂಪು.

ಇನ್ನ ಕುದಿಸೋ ವಿಚಾರ. ಕಲ್ಲಿನ ಮ್ಯಾಲ ಪ್ಯಾಲಿಥೋವಾ ಇಲ್ಲಾ ಝೋವಾಂತಿಡ್ ಅನ್ನೋ, ಗುಂಡಿಯಂಗ ಕಾಣೋ ಹವಳದ ಬಂಧುಗಳ ಒಂದು ತುಣುಕು ಇದ್ರೂ ಅದರಾಗ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇರಬಹುದು. ಕುದಿಯೋ ನೀರಿಗೆ ಅದು ಸಾಯಂಗಿಲ್ಲ, ಹಬಿಯ ಹನಿ ಜೊತಿ ಅಡಗಿಮನಿ ಗಾಳಿಗೆ ಏರ್ತದ. ಹಿಂಗ ಉಸಿರಿನ್ಯಾಗ ಹೋಗಿ ಮನಿಮಂದಿ ಆಸ್ಪತ್ರಿ ಸೇರಿದ ಪ್ರಕರಣ ವಿದೇಶದಾಗ ದಾಖಲಾಗ್ಯಾವ. ಅದಿರಲಿ, ಕಲ್ಲು ಕುದಿಸಿದ್ರ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾನೂ ಸತ್ತು, ಒಳಗಿನ ಸತ್ತ ಜೀವ ಕೊಳೆತು ಟ್ಯಾಂಕಿಗೆ ಅಮೋನಿಯಾನೇ ಬರ್ತದ. ಎಲ್ಲಾ ಸಾಯಿಸೋದಿದ್ರ ಲೈವ್ ರಾಕಿಗೆ ರೊಕ್ಕ ಯಾಕ ಕೊಟ್ರಿ? ನಿಮ್ಮ ಪ್ರಶ್ನಿಯ ಬುಡದಾಗೇ ತಪ್ಪದ: ಕಲ್ಲಿನ ಜೊತಿ ಬಂದದ್ದೆಲ್ಲಾ ಪೀಡಿ ಅಲ್ಲ, ಬಹಳಷ್ಟು ಪುಕ್ಕಟ ಕೂಲಿಗಳು.

ಆ ಕೂದಲಿನ ಹುಳ ಹಂಗಿನ ಕೂಲಿ. ಬ್ರಿಸಲ್ ವರ್ಮ್ ಅಂತಾರ. ಗುಲಾಬಿ-ಕಂದು ಮೈ, ಎರಡೂ ಬದಿಗೆ ಸಣ್ಣ ಬಿಳಿ ಕುಚ್ಚು. ರಾತ್ರಿ ಬಂದು ಉಳದ ಕೂಳು, ಸತ್ತ ಬಸವನಹುಳ ತಿಂದು ಹೋಗ್ತದ. ಸತ್ತ ಮೀನಿನ ಮ್ಯಾಲ ಇದನ್ನ ನೋಡಿ ಇದೇ ಕೊಂದದ್ದು ಅಂತ ಬೈಯೋರು ಭಾಳ ಮಂದಿ. ಅದು ಹೆಣ ಎತ್ತಲಿಕ್ಕ ಬಂದದ್ದು. ಭಾಳ ಆದ್ವು ಅನಿಸಿದ್ರ ನೀವು ಕೂಳು ಭಾಳ ಹಾಕ್ಲಿಕತ್ತೀರಿ ಅಂತ ಅರ್ಥ. ಬರೇ ಕೈಲೆ ಮಾತ್ರ ಮುಟ್ಟಬ್ಯಾಡ್ರಿ, ಕೂದಲು ಗಾಜಿನ ನೂಲಿನಂಗ ಚರ್ಮದಾಗ ಮುರೀತಾವ. ಮುರದ್ರ ಟೇಪ್ ಅಂಟಿಸಿ ಕಿತ್ತು, ಮ್ಯಾಲ ವಿನೆಗರ್ ಹಚ್ರಿ. ಹುಳದ ತಲಿ ಮ್ಯಾಲ ಐದು ಮೀಸಿ, ಮೈ ಎಣ್ಣಿ ಬಿದ್ದ ನೀರಿನಂಗ ಬಣ್ಣ ಬಣ್ಣ ಹೊಳದ್ರ ಮಾತ್ರ ಅದು ಯೂನಿಸ್ ಜಾತಿ. ಅದರಾಗ ಬೇಟಿಗಾರ ಅವ, ಕಲ್ಲು ಸಮೇತ ಬ್ಯಾರೆ ಇಡ್ರಿ.

ಬ್ಯಾರೆ ಇಡೋದು ಅಂದ್ರ ಹಿಂಗ. 40 ಲೀಟರಿನ ಪ್ಲಾಸ್ಟಿಕ್ ಟಬ್ಬು, ನೀರು ಹರಿಸೋ ಒಂದು ಸಣ್ಣ ಪಂಪ್ (ಪವರ್‌ಹೆಡ್), ಲೀಟರಿಗೆ ಸುಮಾರು 36 ಗ್ರಾಂ ಅಕ್ವೇರಿಯಂ ಉಪ್ಪು ಹಾಕಿ ಸಾಂದ್ರತಾ 1.025ಕ್ಕ ತರ್ರಿ. ಕ್ಯಾನಿನ ನೀರು ಆರ್‌ಓ ಅಂತ ನಂಬಬ್ಯಾಡ್ರಿ, ನೀರಾಗ ಕರಗಿದ ಲವಣ ಅಳಿಯೋ ಟಿಡಿಎಸ್ ಪೆನ್ ಅದ್ದಿ ನೋಡ್ರಿ. ಉಳದ ಲವಣ ಹೀರೋ ಡಿಐ ರಾಳ ದಾಟಿದ ನೀರು ಸೊನ್ನಿ ತೋರಿಸಬೇಕು. ಬೋರಿನ ನೀರಂತೂ ಮುಟ್ಟಬ್ಯಾಡ್ರಿ. ಟಬ್ಬಿನ ನೀರು 25-27 ಡಿಗ್ರಿ ಇರಬೇಕು. ಎಪ್ರಿಲ್-ಮೇದಾಗ ನಮ್ಮ ಕಡಿ ಹೀಟರ್ ಅಲ್ಲ, ಟೇಬಲ್ ಫ್ಯಾನ್ ಬೇಕು. ಇಲ್ಲಿನ ಒಣ ಹವಾದಾಗ ನೀರಿನ ಮ್ಯಾಲ ಗಾಳಿ ಹಾಯಿಸಿದ್ರ ಎರಡು-ಮೂರು ಡಿಗ್ರಿ ಇಳೀತದ. ಆದ್ರ ಇಂಗಿದ ನೀರಿಗೆ ಬದಲು ಸಾದಾ ಆರ್‌ಓ ನೀರು ಹಾಕಬೇಕು, ಉಪ್ಪು ನೀರಲ್ಲ, ಯಾಕಂದ್ರ ಉಪ್ಪು ಹಾರಂಗಿಲ್ಲ, ಅಲ್ಲೇ ಉಳೀತದ. ಮೂರು-ನಾಕು ವಾರ ಹಿಂಗ ಇಡ್ರಿ. ಕೊಳೆತ ತತ್ತಿ ವಾಸನಿ ಬಂದ್ರ ದಾರಿಯಾಗ ಗಾಳಿಗೆ ಸತ್ತ ಸ್ಪಂಜು ಕೊಳೀಲಿಕತ್ತದ, ಬಿಳಿ-ಬೂದಿ ಲೋಳಿಯಂಗ ಕಾಣ್ತದ. ಅದನ್ನ ಕಿತ್ತು ಅರ್ಧ ನೀರು ಬದಲಿಸ್ರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿಗೆ ಬರೋತನ ಟ್ಯಾಂಕಿಗೆ ಹಾಕಬ್ಯಾಡ್ರಿ.

ಗುರುತು ಹಿಡಿಯೋದು ರಾತ್ರಿ ಕೆಲಸ. ದೀಪ ಆರಿಸಿ ಎರಡು ತಾಸು ಬಿಟ್ಟು, ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ ನೋಡ್ರಿ. ಕೆಂಪು ಬೆಳಕು ಇವಕ್ಕ ಅಷ್ಟು ಕಾಣಂಗಿಲ್ಲ, ಓಡಿ ಹೋಗಂಗಿಲ್ಲ. ಮಬ್ಬು ಫೋಟೋ ಹಾಕಿ ಯಾರನ್ನೂ ಕೇಳಬ್ಯಾಡ್ರಿ. ವಿಡಿಯೋ ಮಾಡಿ, ಬಾಜೂಕ ಒಂದು ಬೆಂಕಿಕಡ್ಡಿ ಇಟ್ರ ಅಳತಿ ತಿಳೀತದ. ಅಂಕುಡೊಂಕು ಕಾಲಿನ ಉಗುರಿನಷ್ಟು ನಕ್ಷತ್ರ ಅಂದ್ರ ಆಸ್ಟರಿನಾ, ಇರಲಿ ಬಿಡ್ರಿ. ಝೋವಾಂತಿಡ್ ಮ್ಯಾಲ ದಿನಾ ಕುಂತ್ರ ತೆಗೀರಿ. ಬೆನ್ನಿಗೆ ಸಣ್ಣ ಚಿಪ್ಪು ಹೊತ್ತು ಲಗೂನ ಓಡೋ ಬಸವನಹುಳ ಸ್ಟೊಮಟೆಲ್ಲಾ, ಪಾಚಿ ತಿಂತದ, ಕೊಂದೀರಿ ಮತ್ತ. ಗಟ್ಟಿ ನಳಿಗಿಯಿಂದ ಅಂಟಿನ ಬಲಿ ಬಿಡೋದು ವರ್ಮೆಟಿಡ್, ನಳಿಗಿ ಬಾಯಿಗೆ ಸೂಪರ್ ಗ್ಲೂ ಜೆಲ್ ಹಾಕಿ ಮುಚ್ರಿ. ಹಸರು ಗೋಲಿಯಂಥ ಪಾಚಿ ನೀರಾಗ ಒಡೀಬ್ಯಾಡ್ರಿ, ಕಲ್ಲು ಹೊರಗ ತೆಗದು ಬುಡ ಸಮೇತ ಕೀಳ್ರಿ. ಏಡಿ ಮೈ ತುಂಬ ಕೂದಲು, ಚಿಮಟಿ ತುದಿ ಕರ್ರಗಿದ್ರ ಹೊರಗ. ಒಂದು ಗಾಜಿನ ಲೋಟದಾಗ ಸೀಗಡಿ ತುಂಡಿಟ್ಟು ಕಲ್ಲಿಗೆ ಓರಿ ಆನಿಸಿದ್ರ ಮುಂಜಾನಿಗೆ ಒಳಗ ಬಿದ್ದಿರ್ತದ, ಗಾಜು ಹತ್ತಲಿಕ್ಕ ಬರಂಗಿಲ್ಲ.

ಒಂದು ಮಾತು ಖಡಾಖಡಿ. ಆ ಕಲ್ಲು ಎಲ್ಲಿಂದ ಬಂತು ಕೇಳೀರಾ? ಕಡಲಾಗ ದಿಬ್ಬ (ರೀಫ್) ಕಟ್ಟೋ ಎಲ್ಲಾ ಹವಳವೂ 2001ರಿಂದ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಾಗ ಅವ, ಹುಲಿ ಇರೋ ಸಾಲಿನ್ಯಾಗೇ. ನಮ್ಮ ಕಡಲಿನಿಂದ ಒಡದು ತಂದ ಹವಳದ ಕಲ್ಲು ಮಾರೋದೂ ಕೊಳ್ಳೋದೂ ಗುನ್ಹೆ. ಮುಂದಿನ ಸಲ ಅರಗೊನೈಟ್ ಅನ್ನೋ ಸುಣ್ಣದ ಖನಿಜದ ಒಣ ಕಲ್ಲು ತಗೊಂಡು ಬಾಟ್ಲಿ ಬ್ಯಾಕ್ಟೀರಿಯಾ ಹಾಕ್ರಿ. ತಿಂಗಳು ಹೆಚ್ಚು ಹಿಡೀತದ, ಐಪ್ಟೇಸಿಯಾ ಬರಂಗಿಲ್ಲ. ನಮ್ಮ ಕಲಬುರಗಿ ಹೆಸರಾಗೇ ಕಲ್ಲದ, ಶಹಾಬಾದ್ ಫರಸಿನೇ ಹಾಕ್ತೀನಿ ಅನ್ನೋರೂ ಅದಾರ: ಸುಣ್ಣದ ಕಲ್ಲೇ ಖರೇ, ಆದ್ರ ಒಳಗ ತೂತಿಲ್ಲ, ಬ್ಯಾಕ್ಟೀರಿಯಾಗ ಮನಿ ಇಲ್ಲ. ನಿಮ್ಮ ಬೀದರದ ಕೆಂಪು ಜಂಬಿಟ್ಟಿಗಿಗೆ ತೂತವ, ಆದ್ರ ಕಬ್ಬಿಣ ತುಂಬಿದ ಕಲ್ಲು, ಉಪ್ಪು ನೀರಿಗೆ ಬ್ಯಾಡ.

ಕಡೀಕ ಟಕ್ ಟಕ್. ಮೊದಲ ಪಂಪಿನ ಚಕ್ರ ಬಿಚ್ಚಿ ನೋಡ್ರಿ, ಎಷ್ಟೋ ಸಲ ಸಿಕ್ಕ ಉಸುಕಿನ ಕಾಳೇ ಸಪ್ಪಳ ಮಾಡ್ತಿರ್ತದ. ಪಂಪ್ ಬಂದ್ ಮಾಡಿದ್ರೂ ಸಪ್ಪಳ ಬಂದ್ರ ಯಾವ ಕಲ್ಲಿನಿಂದ ಅಂತ ಗಾಜಿಗೆ ಕಿವಿ ಹಚ್ಚಿ ಹಿಡೀರಿ. ಆ ಕಲ್ಲು ಬಕೆಟ್ಟಿನ ಮ್ಯಾಲ ಎತ್ತಿ ಹಿಡದು, ಅಂಚು ಸ್ವಚ್ಛ ಇರೋ ದುಂಡನ ತೂತಿಗೆ ಸಿರಿಂಜಿಲೆ ಸಾದಾ ಸೋಡಾ ನೀರು ಬಿಡ್ರಿ, ಬಣ್ಣ-ಸಕ್ಕರಿ ಇರೋದಲ್ಲ. ಒಳಗಿನ ಜೀವ ಉಸಿರು ಕಟ್ಟಿ ಒಂದೆರಡು ನಿಮಿಷದಾಗ ಹೊರಗ ಬೀಳ್ತದ. ದೇಟಿನ ಮ್ಯಾಲ ತಿರುಗೋ ಕಣ್ಣು, ಕೈಮುಗಿದಂಗ ಮಡಚಿದ ಮುಂಗಾಲು ಇದ್ರ ಮ್ಯಾಂಟಿಸ್ ಸೀಗಡಿ: ಬೆರಳು ದೂರ ಇಡ್ರಿ, ಬ್ಯಾರೆ ಡಬ್ಬಿಗೆ ಹಾಕ್ರಿ. ಒಂದು ಚಿಮಟಿ ಮಾತ್ರ ಮೈಗಿಂತ ದಪ್ಪ ಇದ್ರ ಪಿಸ್ತೂಲ್ ಸೀಗಡಿ, ಅದನ್ನ ತಿರುಗಿ ಟ್ಯಾಂಕಿಗೇ ಬಿಡ್ರಿ.